ಆರು ಹಾಸಿಗೆಯ ಘಟಕದಲ್ಲಿ ಮಕ್ಕಳ ಐಸಿಯು ವೈದ್ಯರನ್ನು ಬೆಳೆಸಿದ್ದು

ಜಿಲ್ಲಾ ಊರಿನಲ್ಲಿ, ಆರೇ ಹಾಸಿಗೆಯ ಪಿಐಸಿಯು (ಮಕ್ಕಳ ತೀವ್ರ ನಿಗಾ ಘಟಕ) ಇಟ್ಟುಕೊಂಡು ಫೆಲೋಗಳನ್ನು, ಅಂದರೆ ಎಂ.ಡಿ. ಮುಗಿಸಿ ಈ ವಿಭಾಗದಲ್ಲಿ ಮುಂದಿನ ತರಬೇತಿ ಪಡೆಯುವ ವೈದ್ಯರನ್ನು, ತರಬೇತು ಮಾಡುತ್ತೇನೆ ಎಂದಾಗ ನನಗೆ ಕಲಿಸಿದ ಹಿರಿಯರೇ ಒಪ್ಪಲಿಲ್ಲ. ‘ಮೆಡಿಕಲ್ ಕಾಲೇಜಿಲ್ಲ, ಮಕ್ಕಳ ಹೃದ್ರೋಗ ತಜ್ಞರಿಲ್ಲ, ಎಂ.ಡಿ. ಮುಗಿಸಿದವರು ಅಲ್ಲಿಗೆ ಯಾಕೆ ಬರುತ್ತಾರೆ?’ ಎಂದರು. ಇದು ಏಳನೆಯ ವರ್ಷ. ಹನ್ನೊಂದು ಮಂದಿ ಮುಗಿಸಿ ಹೋಗಿದ್ದಾರೆ, ಅವರಲ್ಲಿ ಏಳು ಮಂದಿ ಬೆಂಗಳೂರಿನ ಹೊರಗೇ ಘಟಕ ನಡೆಸುತ್ತಿದ್ದಾರೆ. ಈ ಲೆಕ್ಕ ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ.

ಮೊದಲ ವರ್ಷ ಪೂರ್ತಿ ಹಾಳಾಯಿತು. ನಾನು ಕಲಿತಂತೆಯೇ ಕಲಿಸಲು ಹೋದೆ: ಬೆಳಿಗ್ಗೆ ಪಾಠ, ವಾರಕ್ಕೊಮ್ಮೆ ವೈದ್ಯಕೀಯ ಜರ್ನಲ್ ಓದು. ಬಂದ ಮೂವರಲ್ಲಿ ಇಬ್ಬರು ಆರು ತಿಂಗಳಿಗೇ ಬಿಟ್ಟರು. ಸುಮಾರು ಮೂರು ಲಕ್ಷ ಕೊಟ್ಟು ತಂದ ತರಬೇತಿ ಗೊಂಬೆಯ ಗಂಟಲು ವರ್ಷದೊಳಗೆ ಹರಿಯಿತು. ಬಿಡಿಭಾಗಕ್ಕೆ ಮತ್ತೆ ನಲವತ್ತು ಸಾವಿರ ಕೇಳಿದರು. ಕೊಡಲಿಲ್ಲ.

ಆ ವರ್ಷವೇ ಡೆಂಗಿಯ ಐದನೆಯ ದಿನದ ಒಂದು ಹುಡುಗಿ ಬಂದಳು. ರಾತ್ರಿ ಡ್ಯೂಟಿಯ ಫೆಲೋ ಕೇಸ್ ಶೀಟಿನಲ್ಲಿ ಮೂರು ಸಲ ‘ಬಿಪಿ ನಾರ್ಮಲ್’ ಎಂದು ಬರೆದಿದ್ದರು. ಮೇಲಿನ, ಕೆಳಗಿನ ಬಿಪಿಯ ಅಂತರ ಇಪ್ಪತ್ತಕ್ಕೆ ಇಳಿದಿತ್ತು, ಪಾದಗಳು ತಣ್ಣಗಿದ್ದವು. ಇವು ಶಾಕ್‌ನ, ಅಂದರೆ ಅಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿಯ ಗುರುತುಗಳು. ನಾನು ತಲುಪುವ ಹೊತ್ತಿಗೆ ಬಿಪಿಯೇ ಸಿಗುತ್ತಿರಲಿಲ್ಲ. ಮಗು ಉಳಿಯಲಿಲ್ಲ. ಹಿಂದಿನ ವಾರವಷ್ಟೇ ಅದೇ ವಿಷಯದ ಮೇಲೆ ಒಂದು ಗಂಟೆ ಪಾಠ ಮಾಡಿದ್ದೆ. ಅವರಿಗೆ ವಿಷಯ ಗೊತ್ತಿತ್ತು, ಮುಟ್ಟಿ ನೋಡುವ ಅಭ್ಯಾಸ ಕೈಗೆ ಬಂದಿರಲಿಲ್ಲ. ಅದನ್ನು ಕಲಿಸಬೇಕಾದವನು ನಾನು.

ಬೆಳಗಿನ ಪಾಠ ನಿಲ್ಲಿಸಿದೆ. ಈಗ ಹೊಸಬರು ಮೊದಲ ಆರು ವಾರ ವೆಂಟಿಲೇಟರಿನ ಗುಂಡಿ ಮುಟ್ಟುವಂತಿಲ್ಲ. ಹಿರಿಯ ಸಿಸ್ಟರ್ ಕೈಕೆಳಗೆ ಪಾಳಿ ಮಾಡಬೇಕು: ಸಕ್ಷನ್ (ಕಫ ಹೀರಿ ತೆಗೆಯುವುದು), ಅಂಬು ಬ್ಯಾಗ್ (ಕೈಯಲ್ಲಿ ಒತ್ತಿ ಉಸಿರು ಕೊಡುವ ಚೀಲ), ಗಂಟೆಗಂಟೆಗೂ ಮೂತ್ರದ ಅಳತೆ. ಎಂ.ಡಿ. ಆದವರಿಗೆ ಇದು ಅವಮಾನವೆನ್ನಿಸುತ್ತದೆ. ಒಬ್ಬರು ಎರಡನೆಯ ದಿನವೇ ಹೊರಟುಹೋದರು. ರೌಂಡ್ಸಿನಲ್ಲಿ ಮಾನಿಟರನ್ನು ಸಿಸ್ಟರ್ ಕಡೆಗೆ ತಿರುಗಿಸಿಬಿಡುತ್ತೇವೆ. ಫೆಲೋ ಮಗುವನ್ನು ಮುಟ್ಟಿ ನಾಡಿ ಎಷ್ಟಿದೆ, ಶಾಕ್ ಇದೆಯೇ ಎಂದು ಹೇಳಬೇಕು, ಆಮೇಲೆಯೇ ಅಂಕಿ. ಮೂರು ವಾರ ಕಳೆದರೆ ಎಲ್ಲರ ಕೈಯೂ ತಾನಾಗಿ ಪಾದಕ್ಕೆ ಹೋಗುತ್ತದೆ.

2011ರ ಫೀಸ್ಟ್ ಅಧ್ಯಯನ ನಮ್ಮವರಿಗೆಲ್ಲ ಬಾಯಿಪಾಠ. ಆಫ್ರಿಕಾದ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳ ಆ ಅಧ್ಯಯನದಲ್ಲಿ ಬೋಲಸ್ (ರಕ್ತನಾಳಕ್ಕೆ ಒಮ್ಮೆಲೇ ವೇಗವಾಗಿ ಹಾಯಿಸುವ ದ್ರವ) ಪಡೆದವರಲ್ಲೇ ಸಾವು ಹೆಚ್ಚಾಗಿತ್ತು. ಅದನ್ನು ಓದಿದವರು ಡೆಂಗಿ ಶಾಕ್‌ಗೂ ದ್ರವ ಕೊಡಲು ಹೆದರುತ್ತಿದ್ದರು. ನಾನು ಒಂದು ಪೆನ್ನು ಕೊಟ್ಟೆ. ಪ್ರತಿ ಬೋಲಸ್‌ಗೆ ಮೊದಲು ಯಕೃತ್ತಿನ ಅಂಚನ್ನು ಹೊಟ್ಟೆಯ ಮೇಲೆ ಗುರುತು ಮಾಡಬೇಕು, ಮುಗಿದ ಮೇಲೆ ಮತ್ತೊಮ್ಮೆ. ಅಂಚು ಕೆಳಗಿಳಿದರೆ ದ್ರವ ಹೆಚ್ಚಾಯಿತೆಂದು ಕೈ ತಡೆಯಬೇಕು. ಹೆದರಿಕೆಯೂ ಹೋಯಿತು, ಸುರಿಯುವ ಚಾಳಿಯೂ ಹೋಯಿತು.

ರಕ್ತನಾಳ ಸಿಗದಾಗ ದ್ರವ ಕೊಡಲು ಮೂಳೆಯೊಳಗೆ ಸೂಜಿ ಹಾಕುವುದನ್ನು ಕಲಿಯಲು ಕೋಳಿಕಾಲಿಗಿಂತ ಒಳ್ಳೆಯ ಗುರುವಿಲ್ಲ. ಇನ್ನೂರು ರೂಪಾಯಿಯಲ್ಲಿ ಒಂದು ಮಧ್ಯಾಹ್ನದ ತರಬೇತಿ ಮುಗಿಯುತ್ತದೆ. ಬಣ್ಣದ ನೀರು ಹಾಯಿಸಿದರೆ ತಪ್ಪಿದ್ದು ಕಣ್ಣಿಗೇ ಕಾಣುತ್ತದೆ. ಮೇಕೆಯ ಕಾಲನ್ನೂ ನೋಡಿದೆ, ಸೂಜಿ ಬಾಗಿತು. ವೆಂಟಿಲೇಟರಿನ ಅಭ್ಯಾಸಕ್ಕೆ ಸರ್ಜಿಕಲ್ ಕೈಗವಸೇ ಶ್ವಾಸಕೋಶ. ಬೆರಳುಗಳಿಗೆ ರಬ್ಬರ್ ಬ್ಯಾಂಡ್ ಸುತ್ತಿದರೆ ಬಿಗಿ ಶ್ವಾಸಕೋಶ, ನಡುವೆ ಮೂರನೆಯ ನಂಬರಿನ ಕಿರಿದಾದ ಟ್ಯೂಬ್ ಸಿಕ್ಕಿಸಿದರೆ ಆಸ್ತಮಾ.

ರಾತ್ರಿ ಕರೆ ಬಂದರೆ ಹೋಗುತ್ತೇನೆ, ಆದರೆ ಕೈ ಹಿಂದೆ ಕಟ್ಟಿ ನಿಲ್ಲುತ್ತೇನೆ. ಯಾವ ಘಳಿಗೆಯಲ್ಲಿ ನಡುವೆ ಬರಬೇಕು ಎಂಬುದಕ್ಕೆ ನನ್ನದೇ ಒಂದು ಗುರುತಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಒಂದು ರಾತ್ರಿ ನಮ್ಮೊಂದಿಗೆ ನಿಂತವರಿಗೆ ತಿಳಿಯುತ್ತದೆ.

ಸ್ಟೈಪೆಂಡ್ ಅರವತ್ತೈದು ಸಾವಿರದಿಂದ ಶುರುವಾಗಿ ಈಗ ಎಂಬತ್ತರ ಆಸುಪಾಸಿನಲ್ಲಿದೆ. ‘ಕಲಿತು ಹೋಗುವವರಿಗೆ ಯಾಕೆ ಕೊಡಬೇಕು?’ ಎಂದು ಆಡಳಿತದವರು ಪ್ರತಿ ವರ್ಷ ಕೇಳುತ್ತಿದ್ದರು. ಹೊರಗಿನಿಂದ ರಾತ್ರಿ ವೈದ್ಯರನ್ನು ಕರೆಸಲು ತಿಂಗಳಿಗೆ ಮೂರು ಲಕ್ಷದ ಹತ್ತಿರ ಹೋಗುತ್ತಿದ್ದ ಹಳೆಯ ಬಿಲ್ಲುಗಳನ್ನು ಮುಂದಿಟ್ಟೆ. ಮತ್ತೆ ಕೇಳಲಿಲ್ಲ.

ಈ ವರ್ಷ ಮಕ್ಕಳನ್ನು ಕರೆತರಲು ಫೆಲೋಗಳನ್ನು ಆಂಬುಲೆನ್ಸಿನಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಕಳಿಸುತ್ತಿದ್ದೇನೆ. ಮೊದಲ ಸಲವೇ ಊರು ಇಪ್ಪತ್ತು ಕಿಲೋಮೀಟರ್ ಇರುವಾಗ ಆಮ್ಲಜನಕದ ಸಿಲಿಂಡರ್ ಬರಿದಾಗಿ, ದಾರಿಯಲ್ಲಿದ್ದ ಒಂದು ನರ್ಸಿಂಗ್ ಹೋಮಿನಿಂದ ಇನ್ನೊಂದನ್ನು ಬೇಡಿ ತಂದರು. ಮಗು ಉಳಿಯಿತು. ಈಗ ಹೊರಡುವ ಮೊದಲು ಲೀಟರಿನ ಲೆಕ್ಕವನ್ನು ಅವರೇ ಹಾಕಿ, ಅದರ ಎರಡರಷ್ಟು ಹೊತ್ತುಕೊಂಡು ಹೋಗುತ್ತಾರೆ.