ಎರಡೇ ಸ್ಲಾಟ್ ಇರುವ ವಿಝಾರ್ಡ್‌ನನ್ನು ನಾನು ಆಡುವ ರೀತಿ

ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಮೊದಲ ಲೆವೆಲ್‌ನ ವಿಝಾರ್ಡ್, ಅಂದರೆ ಮಂತ್ರವಾದಿ, ಆಗೋಕೆ ಜನ ಹಿಂಜರಿಯುತ್ತಾರೆ. ಕಾರಣ ಇಲ್ಲದೇ ಇಲ್ಲ. ನಾವು ಆಡುವ 2014ರ ಐದನೇ ಆವೃತ್ತಿಯಲ್ಲಿ ಅವನಿಗೆ ದಿನಕ್ಕೆ 2 ಸ್ಪೆಲ್ ಸ್ಲಾಟ್ ಅಷ್ಟೇ, ಅಂದರೆ ದೊಡ್ಡ ಮಂತ್ರ (ಸ್ಪೆಲ್) ಹಾಕೋಕೆ ಎರಡೇ ಅವಕಾಶ. ಎಚ್‌ಪಿ (ಎಷ್ಟು ಏಟು ತಡೆಯಬಲ್ಲ ಅನ್ನುವ ಅಂಕ) 6, ಅದಕ್ಕೆ ಕಾನ್‌ಸ್ಟಿಟ್ಯೂಷನ್ (ದೇಹದ ಗಟ್ಟಿತನ) ಬೋನಸ್ ಸೇರಿಸಿದರೆ ನನ್ನ ಪಾತ್ರಕ್ಕೆ 8. ಗಾಬ್ಲಿನ್ ಅನ್ನೋ ಪುಟ್ಟ ರಾಕ್ಷಸನ ಒಂದು ಏಟಿಗೆ ಸರಾಸರಿ 5 ಹೋಗುತ್ತದೆ. ಎರಡು ಏಟು ಬಿದ್ದರೆ ಮುಗಿಯಿತು. ಆದರೂ ಹೊಸ ಕಥೆ ಶುರುವಾದಾಗಲೆಲ್ಲ ನಾನು ವಿಝಾರ್ಡ್‌ನನ್ನೇ ಆರಿಸಿಕೊಳ್ಳುತ್ತೇನೆ. 1974ರಲ್ಲಿ ಈ ಆಟ ಮೊದಲು ಬಂದಾಗ ಮೊದಲ ಲೆವೆಲ್‌ಗೆ ದಿನಕ್ಕೆ ಒಂದೇ ಸ್ಪೆಲ್ ಇತ್ತು. ಆಗಲೂ ಜನ ಇಷ್ಟಪಟ್ಟು ಆಡಿದ್ದರು.

ನಾನು ಪಾಲಿಸುವುದು ಒಂದೇ ನಿಯಮ. ಸ್ಲಾಟ್ ಖರ್ಚು ಮಾಡಿದರೆ ಜಗಳದ ದಿಕ್ಕೇ ಬದಲಾಗಬೇಕು. ಸುಮ್ನೆ ಒಬ್ಬ ಶತ್ರುವಿಗೆ ಒಂದಿಷ್ಟು ಏಟು ಹಾಕೋದಕ್ಕೆ ಸ್ಲಾಟ್ ಬೇಡದ ಚಿಕ್ಕ ಮಂತ್ರ, ಕ್ಯಾಂಟ್ರಿಪ್, ಇದೆ. ಫೈರ್ ಬೋಲ್ಟ್ ಎಷ್ಟು ಸಲ ಬೇಕಾದರೂ ಎಸೆಯಬಹುದು, 120 ಅಡಿ ದೂರ ಹೋಗುತ್ತದೆ, ತಗುಲಿದರೆ ಹತ್ತು ಮುಖದ ದಾಳ ಉರುಳಿಸಬಹುದು. ಹಾಗಾಗಿ ಮೊದಲ ಲೆವೆಲ್‌ನಲ್ಲಿ ಮ್ಯಾಜಿಕ್ ಮಿಸೈಲ್‌ಗೆ ಸ್ಲಾಟ್ ಕೊಡೋದು ನನಗೆ ಇಷ್ಟವಿಲ್ಲ. ಅದು ಗುರಿ ತಪ್ಪೋದಿಲ್ಲ ನಿಜ. ಆದರೆ ಸರಾಸರಿ ಹತ್ತೂವರೆ ಎಚ್‌ಪಿಯ ಏಟಿಗೆ ದಿನದ ಅರ್ಧ ಶಕ್ತಿ ಹೋಗುತ್ತದೆ.

ನನ್ನ ನೆಚ್ಚಿನ ಸ್ಪೆಲ್ ಸ್ಲೀಪ್. ಇದಕ್ಕೆ ಶತ್ರು ಸೇವಿಂಗ್ ಥ್ರೋ (ತಪ್ಪಿಸಿಕೊಳ್ಳಲು ಉರುಳಿಸುವ ದಾಳ) ಹಾಕುವ ಹಾಗೇ ಇಲ್ಲ. ಎಂಟು ಮುಖದ 5 ದಾಳ ಉರುಳಿಸಬೇಕು. ಬಂದ ಮೊತ್ತ ಮುಗಿಯುವವರೆಗೆ, ಎಚ್‌ಪಿ ಕಡಿಮೆ ಇರುವವರಿಂದ ಶುರುವಾಗಿ ಒಬ್ಬೊಬ್ಬರೇ ನಿದ್ದೆಗೆ ಜಾರುತ್ತಾರೆ. ಸರಾಸರಿ 22 ಬರುತ್ತದೆ. ಗಾಬ್ಲಿನ್ ಒಬ್ಬನಿಗೆ 7 ಎಚ್‌ಪಿ. ಅಂದರೆ ಒಂದೇ ಸ್ಲಾಟ್‌ಗೆ ಮೂವರು ಮಲಗುತ್ತಾರೆ! ಮಲಗಿದವನಿಗೆ ಪಕ್ಕದಲ್ಲೇ ನಿಂತು ಹೊಡೆದ ಏಟು ತಗುಲಿದರೆ ಅದು ಕ್ರಿಟಿಕಲ್, ಏಟಿನ ದಾಳ ಎರಡರಷ್ಟು. ಒಬ್ಬನನ್ನು ಕೊಲ್ಲದೆ ಕಟ್ಟಿ ಹಾಕಿ, ಎಬ್ಬಿಸಿ, ಗುಹೆಯ ಒಳಗೆ ಎಷ್ಟು ಜನ ಇದ್ದಾರೆ ಅಂತ ಕೇಳುವುದು ನಮ್ಮ ಗುಂಪಿನ ಪದ್ಧತಿ. ಆ ಮಾಹಿತಿ ಎಷ್ಟೋ ಸಲ ಮುಂದಿನ ಜಗಳವನ್ನೇ ತಪ್ಪಿಸಿದೆ.

ಈ ಸ್ಪೆಲ್ ನೋಡುವುದು ಆ ಕ್ಷಣಕ್ಕೆ ಉಳಿದಿರುವ ಎಚ್‌ಪಿಯನ್ನು. ಇಲ್ಲೇ ಇರೋದು ಅದರ ಸೊಗಸು. ಗಾಬ್ಲಿನ್‌ಗಿಂತ ದೊಡ್ಡ ರಾಕ್ಷಸ ಬಗ್‌ಬೇರ್ ಎದುರಾದರೆ ಅದಕ್ಕೆ 27 ಎಚ್‌ಪಿ. ಮೊದಲ ಸುತ್ತಿನಲ್ಲೇ ಸ್ಲೀಪ್ ಹಾಕಿದರೆ ಅದು ಮಲಗುವ ಸಾಧ್ಯತೆ ಕಡಿಮೆ. ನಾನು ಕಾಯುತ್ತೇನೆ. ಆಗ ಫೈರ್ ಬೋಲ್ಟ್ ಎಸೆಯುತ್ತಾ, ಯಾರು ಎಷ್ಟು ಹೊಡೆದರು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಆಟ ನಡೆಸುವ ಡಿಎಂ ಶತ್ರುವಿನ ಎಚ್‌ಪಿ ಹೇಳೋದಿಲ್ಲ, ಆದರೆ ನಾವು ಕೊಟ್ಟ ಏಟು ನಮಗೆ ಗೊತ್ತಿರುತ್ತದೆ ಅಲ್ವಾ? ಹತ್ತು ಹನ್ನೆರಡು ಎಚ್‌ಪಿ ಕಡಿಮೆಯಾದ ಮೇಲೆ ಸ್ಲೀಪ್ ಹಾಕಿದರೆ ದೈತ್ಯ ದೊಪ್ಪನೆ ಬೀಳುತ್ತಾನೆ. ಇನ್ನೊಂದು ಎಚ್ಚರ ಬೇಕು. 20 ಅಡಿ ತ್ರಿಜ್ಯದ ವೃತ್ತದೊಳಗೆ ನಮ್ಮವರಿದ್ದರೆ ಅವರೂ ಲೆಕ್ಕಕ್ಕೆ ಬರುತ್ತಾರೆ, ಗಾಯಗೊಂಡ ಫೈಟರ್ ಎಲ್ಲರಿಗಿಂತ ಮೊದಲು ಮಲಗಿಬಿಡುತ್ತಾನೆ. ಅದಕ್ಕೇ ವೃತ್ತದ ಮಧ್ಯಬಿಂದುವನ್ನು ಶತ್ರುವಿನ ಬೆನ್ನಹಿಂದೆ ದೂರಕ್ಕೆ ಇಟ್ಟು, ಅಂಚು ಮಾತ್ರ ಅವನನ್ನು ಮುಟ್ಟುವಂತೆ ಅಳೆಯುತ್ತೇನೆ. ಎಲ್ಫ್‌ಗಳ ಮೇಲೆ, ಸತ್ತು ಎದ್ದು ಬಂದ ಅನ್‌ಡೆಡ್‌ಗಳ ಮೇಲೆ ಇದು ನಡೆಯೋದಿಲ್ಲ. 2024ರ ಪರಿಷ್ಕೃತ ನಿಯಮದಲ್ಲಿ ಸ್ಲೀಪ್ ಪೂರ್ತಿ ಬದಲಾಗಿದೆ, ಶತ್ರುವಿಗೆ ಸೇವಿಂಗ್ ಥ್ರೋ ಸಿಗುತ್ತದೆ. ಆ ಪುಸ್ತಕ ಹಿಡಿದು ಆಡುವವರಿಗೆ ಈ ಲೆಕ್ಕ ಹೊಂದುವುದಿಲ್ಲ.

ರಕ್ಷಣೆಯ ವಿಷಯದಲ್ಲಿ ಮೊದಲ ಲೆವೆಲ್‌ನಲ್ಲಿ ನಾನು ಮೇಜ್ ಆರ್ಮರ್ ಅನ್ನೋ ಕವಚದ ಸ್ಪೆಲ್ ಹಾಕೋದು ಕಡಿಮೆ. ಅದು 8 ಗಂಟೆ ಇರುತ್ತದೆ, ಒಳ್ಳೆಯದೇ, ಆದರೆ ಬೆಳಗ್ಗೆಯೇ ಒಂದು ಸ್ಲಾಟ್ ಖಾಲಿ. ಅದರ ಬದಲು ಮರೆ ಹುಡುಕುತ್ತೇನೆ. ಮರದ ಹಿಂದೆ, ಬಂಡೆಯ ಹಿಂದೆ, ಮುಕ್ಕಾಲು ಮೈ ಮುಚ್ಚುವಂತೆ ನಿಂತರೆ ಎಸಿಗೆ (ಏಟು ತಗುಲಲು ಶತ್ರುವಿನ ದಾಳ ಮುಟ್ಟಬೇಕಾದ ಅಂಕ) 5 ಸೇರುತ್ತದೆ. ಶೀಲ್ಡ್ ಸ್ಪೆಲ್ ಕೊಡುವುದೂ ಅಷ್ಟೇ! ಗಾಬ್ಲಿನ್‌ಗಳ ಬಿಲ್ಲಿಗೆ 80 ಅಡಿ ದಾಟಿದರೆ ಡಿಸ್‌ಅಡ್ವಾಂಟೇಜ್, ಅಂದರೆ ಎರಡು ದಾಳ ಉರುಳಿಸಿ ಕಡಿಮೆ ಬಂದದ್ದೇ ಲೆಕ್ಕ. ನಾನು 100 ಅಡಿ ದೂರದಿಂದ ಫೈರ್ ಬೋಲ್ಟ್ ಹೊಡೆಯುತ್ತಿದ್ದರೆ ನಷ್ಟ ಅವರಿಗೇ. ಅದಕ್ಕೇ ಜಾಗ ವಿಶಾಲವಾಗಿದೆಯೇ, ಮರೆ ಎಲ್ಲಿದೆ ಅಂತ ಡಿಎಂ ಹತ್ತಿರ ಮೊದಲೇ ಕೇಳುತ್ತೇನೆ.

ಸ್ಲಾಟೇ ಬೇಡದ ಸ್ಪೆಲ್‌ಗಳೂ ಇವೆ. ರಿಚುಯಲ್ ಅಂತ ಗುರುತು ಇರುವುದನ್ನು 10 ನಿಮಿಷ ಹೆಚ್ಚು ಸಮಯ ಕೊಟ್ಟು ಪುಕ್ಕಟೆಯಾಗಿ ಹಾಕಬಹುದು. ಫೈಂಡ್ ಫಮಿಲಿಯರ್ ಇಲ್ಲದೆ ನಾನು ಆಟ ಶುರುಮಾಡೋದೇ ಇಲ್ಲ. 10 ಚಿನ್ನದ ನಾಣ್ಯದ ಇದ್ದಿಲು, ಧೂಪ, ಗಿಡಮೂಲಿಕೆ ಸುಟ್ಟರೆ ಒಂದು ಗೂಬೆ ಬರುತ್ತದೆ. ಅದು ಹಾರಿ ಬಂದು ಶತ್ರುವಿನ ಗಮನ ಸೆಳೆದು ಹಾರಿ ಹೋಗುತ್ತದೆ, ಹೋಗುವಾಗ ಅವನು ಅದಕ್ಕೆ ಹೊಡೆಯುವ ಹಾಗಿಲ್ಲ. ಅಷ್ಟರಲ್ಲಿ ಹೊಂಚು ಹಾಕಿ ಹೊಡೆಯುವ ನಮ್ಮ ರೋಗ್‌ಗೆ ಅಡ್ವಾಂಟೇಜ್ (ಎರಡು ದಾಳದಲ್ಲಿ ಹೆಚ್ಚು ಬಂದದ್ದು) ಸಿಕ್ಕಿ ಸ್ನೀಕ್ ಅಟ್ಯಾಕ್‌ನ ಹೆಚ್ಚುವರಿ ಏಟು ಬೀಳುತ್ತದೆ. 100 ಅಡಿಯೊಳಗೆ ಇದ್ದರೆ ಅದರ ಕಣ್ಣಿಂದಲೇ ಕತ್ತಲ ಗುಹೆಯೊಳಗೆ ಇಣುಕಬಹುದು. ಕೆಲವರು ಅದನ್ನು ಬರೀ ಅಲಂಕಾರದ ಸಾಕುಪ್ರಾಣಿ ಅಂದುಕೊಂಡಿರುತ್ತಾರೆ. ಮೊದಲ ಲೆವೆಲ್‌ನ ಇಡೀ ಪಟ್ಟಿಯಲ್ಲಿ ಇದಕ್ಕಿಂತ ಬೆಲೆಬಾಳುವ ಸ್ಪೆಲ್ ಇಲ್ಲ ಅಂತ ನಾನು ನಂಬುತ್ತೇನೆ.

ಬಾಯಿಬಿಟ್ಟು ಕೇಳಬೇಕಾದದ್ದೂ ಇದೆ. ಒಂದು ಗಂಟೆಯ ಶಾರ್ಟ್ ರೆಸ್ಟ್ ತೆಗೆದುಕೊಂಡರೆ ವಿಝಾರ್ಡ್‌ಗಿರುವ ಆರ್ಕೇನ್ ರಿಕವರಿಯಿಂದ ದಿನಕ್ಕೊಮ್ಮೆ ಒಂದು ಸ್ಲಾಟ್ ವಾಪಸ್ ಬರುತ್ತದೆ. ಎರಡು ಮೂರಾಗುತ್ತದೆ. ಫೈಟರ್‌ಗೂ ಅದರಿಂದ ಲಾಭ, ತನ್ನ ಎಚ್‌ಪಿಯನ್ನು ತಾನೇ ತುಂಬಿಕೊಳ್ಳುವ ಅವನ ಸೆಕೆಂಡ್ ವಿಂಡ್ ಮರಳುತ್ತದೆ. ಅದಕ್ಕೇ ಮೊದಲ ಜಗಳ ಮುಗಿದ ಕೂಡಲೇ "ಇಲ್ಲೇ ಒಂದು ಗಂಟೆ ಕೂರೋಣ" ಅಂತ ಇಬ್ಬರೂ ಸೇರಿ ಹೇಳುತ್ತೇವೆ. ಲೂಟಿ ಹಂಚುವಾಗ ಸ್ಪೆಲ್ ಸ್ಕ್ರೋಲ್ (ಮಂತ್ರ ಬರೆದ ಸುರುಳಿ) ಸಿಕ್ಕರೆ ನನ್ನ ಪಾಲಿನ ಚಿನ್ನ ಬಿಟ್ಟಾದರೂ ಅದನ್ನು ಕೇಳುತ್ತೇನೆ. ಮೊದಲ ಲೆವೆಲ್‌ನ ಸ್ಪೆಲ್ ಒಂದನ್ನು ನನ್ನ ಮಂತ್ರದ ಪುಸ್ತಕಕ್ಕೆ ಇಳಿಸಿಕೊಳ್ಳಲು 2 ಗಂಟೆ, 50 ಚಿನ್ನದ ನಾಣ್ಯ ಬೇಕು. ಜೊತೆಗೆ ಮಂತ್ರಜ್ಞಾನದ ದಾಳ, ಅಂದರೆ ಆರ್ಕೇನಾ ಚೆಕ್, ಗೆಲ್ಲಬೇಕು. ಗೆದ್ದರೂ ಸೋತರೂ ಸ್ಕ್ರೋಲ್ ನಾಶವಾಗುತ್ತದೆ. ಹಾಗಾಗಿ ಸಿಗುವ ಮೊದಲ 50 ನಾಣ್ಯವನ್ನು ನಾನು ಬೇರೆ ಯಾವುದಕ್ಕೂ ಮುಟ್ಟೋದಿಲ್ಲ.