ಕೋವಿಯ ಪಟ್ಟಿಯ ಮೇಲಿನ ಹೆಸರು ಬಿಡಿ, ನಳಿಗೆಯ ಹೊಟ್ಟೆ ನೋಡಿ

ನಮ್ಮ ಮನೆಯ ಜೋಡಿ ನಳಿಗೆ ಕೋವಿ 1887ಕ್ಕೂ 1904ಕ್ಕೂ ನಡುವೆ ಬರ್ಮಿಂಗ್‌ಹ್ಯಾಂನಲ್ಲಿ ತಯಾರಾದದ್ದು. ಕಳೆದ ಕೈಲ್ ಮುಹೂರ್ತಕ್ಕೆ, ಅಂದರೆ ಕೊಡಗಿನ ಆಯುಧಪೂಜೆಯ ಹಬ್ಬಕ್ಕೆ, ಸೇರಿದ ನೆಂಟರು ಇದನ್ನು ಕೇಳಿ ನಕ್ಕರು. ಈಗ ಅವರೇ ತಮ್ಮ ಮನೆಯ ಕೋವಿಯ ಫೋಟೋ ಕಳಿಸಿ 'ಇದು ಯಾವ ಕಾಲದ್ದು ಹೇಳಪ್ಪಾ' ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆದುಬಿಡುತ್ತಿದ್ದೇನೆ.

ದೊಡ್ಡಪ್ಪನ ಲೆಕ್ಕದಲ್ಲಿ ಈ ಕೋವಿ ಕೊಡಗಿನ ರಾಜರ ಕಾಲದ್ದು. ಚಿಕ್ಕವೀರರಾಜ ಗದ್ದುಗೆ ಕಳೆದುಕೊಂಡದ್ದು 1834ರಲ್ಲಿ. ಬುಡದ ನಡುವೆ ಕೇಪು ಇರುವ ತೋಟಾ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದದ್ದೇ 1861ರ ಹೊತ್ತಿಗೆ. ನಮ್ಮದು ಅಂಥ ತೋಟಾ ಹಾಕುವ ಕೋವಿ, ಅಲ್ಲಿಗೆ ರಾಜರ ಕಥೆ ಮುಗಿಯಿತು. ಚಿಕ್ಕಪ್ಪನದು ಇನ್ನೊಂದು ವಾದ. ನಳಿಗೆಗಳ ನಡುವಿನ ಪಟ್ಟಿಯ ಮೇಲೆ 'ಪಿ. ಓರ್ ಅಂಡ್ ಸನ್ಸ್, ಮದ್ರಾಸ್' ಅಂತಿದೆ, ಹಾಗಾಗಿ ಮದ್ರಾಸಿನಲ್ಲೇ ಮಾಡಿದ್ದು, ಅಂಗಡಿ ಶುರುವಾದ 1849ರದ್ದು ಅಂತ. ಓರ್ ಅವರದು ಮುಖ್ಯವಾಗಿ ಗಡಿಯಾರದ ವ್ಯಾಪಾರ. ಆಗೆಲ್ಲ ಬರ್ಮಿಂಗ್‌ಹ್ಯಾಂನವರು ಕೋವಿ ಮಾಡಿ, ಮಾರುವವನ ಹೆಸರನ್ನೇ ಕೆತ್ತಿ ಕಳಿಸುತ್ತಿದ್ದರು. ಪಟ್ಟಿಯ ಮೇಲಿರುವುದು ಬಹಳ ಸಲ ಮಾರಿದವನ ಹೆಸರು.

ನಾನೂ ಮೊದಲು ಹೆಸರಿನ ಹಿಂದೆಯೇ ದುಡ್ಡು ಸುರಿದೆ. ಇಂಗ್ಲೆಂಡಿನ ಒಂದು ಕಂಪನಿಗೆ ಕೋವಿಯ ನಂಬರ್ ಬರೆದು ಶುಲ್ಕ ಕಟ್ಟಿದೆ. ನಾಲ್ಕೂವರೆ ಸಾವಿರದ ಹತ್ತಿರ ಹೋಯಿತು. 'ನಮ್ಮ ಪುಸ್ತಕದಲ್ಲಿ ಈ ನಂಬರ್ ಇಲ್ಲ' ಅಂತ ಎರಡು ಸಾಲು ಬಂತು, ಅಷ್ಟೇ. ಪೇಟೆಯ ಒಬ್ಬ ರಿಪೇರಿಯವನು ಐನೂರು ತೆಗೆದುಕೊಂಡು 'ನೂರಾ ಐವತ್ತು ವರ್ಷ ಆಗಿರಬಹುದು ಸಾರ್' ಅಂದ. ಅವನ ಬಳಿ ಯಾವ ಕೋವಿ ಹೋದರೂ ನೂರಾ ಐವತ್ತೇ ವರ್ಷ!

ಕೊನೆಗೆ ನಳಿಗೆಯ ಕೆಳಗೆ ಕೈ ಹಿಡಿಯುವ ಮುಂಗೈ ಮರ ಬಿಚ್ಚಿ, ನಳಿಗೆ ಕಳಚಿ, ಅದರ ಅಡಿಯ ಚಪ್ಪಟೆ ಜಾಗ ನೋಡಿದೆ. ಎಲ್ಲ ಅಲ್ಲೇ ಇತ್ತು. ಆದರೆ ಎಣ್ಣೆ, ಮಸಿ, ತುಕ್ಕು ಸೇರಿ ಕಲ್ಲಾಗಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿ ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಸಾಕು. ಎಮರಿ ಪೇಪರ್ ಮಾತ್ರ ಮುಟ್ಟಿಸಬೇಡಿ. ಕಾಗದ ಇಟ್ಟು ಪೆನ್ಸಿಲ್ ಉಜ್ಜುವ ಉಪಾಯ ಗುಂಡಿ ಬಿದ್ದ ಕಬ್ಬಿಣದ ಮೇಲೆ ನಡೆಯಲಿಲ್ಲ. ಮಗಳ ಪೌಡರ್ ಹಚ್ಚಿದೆ, ಅರ್ಧ ಕಂಡಿತು. ಕೋಣೆ ಕತ್ತಲು ಮಾಡಿ ಟಾರ್ಚನ್ನು ಪಕ್ಕದಿಂದ, ಬಹುತೇಕ ಮಲಗಿಸಿ ಹಿಡಿದಾಗ ಮುದ್ರೆಗಳು ಎದ್ದು ಬಂದವು. ಪೂರ್ತಿ ಸವೆದ ಅಕ್ಷರಕ್ಕೆ ದೀಪದ ಮಸಿಯ ಜೊತೆ ಇನ್ನೊಂದು ವಸ್ತು ಬೆರೆಸುತ್ತೇನೆ. ಅದು ಏನಂತ ಇಲ್ಲಿ ಹೇಳಲ್ಲ, ಬಿಡಿ.

ಕಂಡದ್ದು ಇಷ್ಟು. ಅಡ್ಡ ಇಟ್ಟ ಎರಡು ರಾಜದಂಡ, ಮೇಲೆ ಕಿರೀಟ, ಸುತ್ತ ಬಿ, ಪಿ, ಸಿ ಅಕ್ಷರ. ಅಂಥದ್ದೇ ಇನ್ನೊಂದರಲ್ಲಿ ವಿ. ಇದು ಬರ್ಮಿಂಗ್‌ಹ್ಯಾಂ ಪ್ರೂಫ್ ಹೌಸಿನ, ಅಂದರೆ ನಳಿಗೆ ಒತ್ತಡ ತಾಳುತ್ತಾ ಅಂತ ಪರೀಕ್ಷಿಸುವ ಕಚೇರಿಯ ಮುದ್ರೆ, 1813ರಿಂದ 1904ರವರೆಗೆ ಹೊಡೆದದ್ದು. ಆಮೇಲೆ ದಂಡ ಹೋಗಿ ಬರೀ ಕಿರೀಟ ಮತ್ತು ಅಕ್ಷರ ಬಂದವು. ಪಕ್ಕದಲ್ಲಿ ಡೈಮಂಡ್ ಆಕಾರದೊಳಗೆ 12, ಅದರ ಕೆಳಗೆ ಸಿ. ಅದು ಶುರುವಾದದ್ದು 1887ರಲ್ಲಿ. ಎರಡೂ ಕೂಡಿಸಿದರೆ ಹದಿನೇಳು ವರ್ಷದ ಕಿಟಕಿ ಸಿಕ್ಕಿತು. ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಆದ ಗುರುತು ಇಲ್ಲ. ಆ ಪರೀಕ್ಷೆ 1896ರಿಂದ ಇತ್ತು, ಆದರೆ ಬೇಕಾದವರು ಮಾಡಿಸುವಂಥದ್ದು. ಹಾಗಾಗಿ 1896ಕ್ಕೆ ಮುಂಚಿನದ್ದು ಅಂತ ನನ್ನ ಮನಸ್ಸು ಹೇಳುತ್ತೆ, ಪಂದ್ಯ ಕಟ್ಟುವಷ್ಟಲ್ಲ.

ಅಲ್ಲೇ 13 ಅಂತಲೂ ಇದೆ. ಇದನ್ನು ನೋಡಿ ಹದಿಮೂರು ಬೋರಿನ (ಬೋರ್ ಅಂದರೆ ನಳಿಗೆಯ ಒಳ ಅಗಲದ ನಂಬರ್) ಕೋವಿ ಅಂದವರೂ ಇದ್ದಾರೆ. ಅಲ್ಲ. ತೋಟಾ ಕೂರುವ ಜಾಗ 12, ಅದರ ಮುಂದಿನ ಕೊಳವೆ 13, ಅಂದರೆ ಇಂಚಿನ ಸಾವಿರ ಭಾಗದಲ್ಲಿ 710. ನಾನು ಅಳೆದಾಗ 716ರ ಆಸುಪಾಸು ಬಂತು. ಸವೆದು 719 ಮುಟ್ಟಿದ್ದರೆ ಆ ಪ್ರೂಫ್ ಪರೀಕ್ಷೆ ಲೆಕ್ಕಕ್ಕಿಲ್ಲ. ಒಳ ಅಳತೆಯ ಗೇಜ್‌ಗೆ ಮೂರು ಸಾವಿರ ಚಿಲ್ಲರೆ ಕೊಟ್ಟೆ, ಮನೆಯಲ್ಲಿ ಮಾತ್ರ ಎಂಟುನೂರು ಅಂದಿದ್ದೇನೆ.

ತೋಟಾ ಕೂರುವ ಜಾಗದ ಉದ್ದ ತಿಳಿಯಲು ಅಚ್ಚು ತೆಗೆಯುವ ಹುಚ್ಚೂ ಹತ್ತಿತು. ಮೇಣ ಕುಗ್ಗಿತು. ಗಂಧಕ ಕರಗಿಸಿ ಹೊಯ್ದಾಗ ಚೆಂದ ಬಂತು, ವಾಸನೆಗೆ ನನ್ನನ್ನು ಕಾಫಿ ಕಣಕ್ಕೆ ಓಡಿಸಿದರು. ಎರಡೂವರೆ ಇಂಚು. ಇಂಥದ್ದರೊಳಗೆ ಇವತ್ತಿನ ಎಪ್ಪತ್ತು ಮಿಲಿಮೀಟರ್ ತೋಟಾ ಸಲೀಸಾಗಿ ಕೂರುತ್ತೆ. ಈಡು ಹಾರಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತೆ. ನಮ್ಮದು ಹೆಣೆದ ಕಬ್ಬಿಣದ ಡಮಾಸ್ಕಸ್ ನಳಿಗೆ ಬೇರೆ. ಪೂಜೆಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿ ಇಡುತ್ತೇವೆ, ಈಡು ಹೊಡೆಯುವುದಿಲ್ಲ.

ನಳಿಗೆ, ಆಕ್ಷನ್ (ನಳಿಗೆ ಬಂದು ಕೂರುವ ಕಬ್ಬಿಣದ ಭಾಗ), ಮುಂಗೈ ಮರದ ಕಬ್ಬಿಣ, ಮೂರರ ನಂಬರೂ ಒಂದೇ ಇದೆಯಾ ನೋಡಿ. ಇಲ್ಲದಿದ್ದರೆ ನಳಿಗೆಯ ವರ್ಷ ಕೋವಿಯ ವರ್ಷ ಆಗದು. ಈಡು ಹಾರಿಸುವ ಹ್ಯಾಮರ್ ಹೊಡೆದ ಮೇಲೆ ತಾನೇ ಹಿಂದಕ್ಕೆ ಸರಿದು ನಿಂತರೆ 1867ರ ಸ್ಟ್ಯಾಂಟನ್ ಪೇಟೆಂಟಿನ ನಂತರದ್ದು ಅಂದುಕೊಳ್ಳಿ. ಲಂಡನ್ನಿನ ಆರ್ಮಿ ಅಂಡ್ ನೇವಿ ಅಂಗಡಿಯ ಹೆಸರಿನ ಜೊತೆ ಸಿ.ಎಸ್.ಎಲ್. (ಕೋ-ಆಪರೇಟಿವ್ ಸೊಸೈಟಿ ಲಿಮಿಟೆಡ್) ಇದ್ದರೆ 1934ಕ್ಕೆ ಮುಂಚಿನದ್ದು.

ಪಕ್ಕದ ತೋಟದ ಮಾವನ ಕೋವಿಯದು ಬೇರೆ ಕಥೆ. ಮೇಲೆ 'ಡಬ್ಲ್ಯು. ರಿಚರ್ಡ್ಸ್' ಅಂತಿದೆ. ಇಂಗ್ಲೆಂಡಿನ ಹೆಸರಾಂತ ಕೋವಿ ಕಂಪನಿ ವೆಸ್ಟ್ಲಿ ರಿಚರ್ಡ್ಸ್ ಅಂದುಕೊಂಡು ಐದು ಲಕ್ಷಕ್ಕೆ ಕಡಿಮೆ ಕೊಡಲ್ಲ ಅಂತಿದ್ದರು. ಬಿಚ್ಚಿ ನೋಡಿದರೆ ಮೊಟ್ಟೆಯಾಕಾರದೊಳಗೆ ಇ, ಎಲ್, ಜಿ, ಮೇಲೊಂದು ಕಿರೀಟ. ಬೆಲ್ಜಿಯಂನ ಲಿಯೇಜ್ ಮುದ್ರೆ. ಕಿರೀಟ ಸೇರಿದ್ದು 1893ರಲ್ಲಿ, ಹಾಗಾಗಿ ಅದಕ್ಕಿಂತ ಈಚಿನದ್ದು. ದೊಡ್ಡ ಹೆಸರನ್ನು ಹೋಲುವ ಹೆಸರು ಹಾಕಿ ಅಲ್ಲಿಂದ ಅಗ್ಗದ ಕೋವಿಗಳು ರಾಶಿರಾಶಿ ಹೊರಟಿದ್ದವು. ಮಾವ ಒಂದು ವಾರ ಮಾತು ಬಿಟ್ಟರು.

ಭಾವನ ಕೋವಿಯ ವರ್ಷ ಮಾತ್ರ ನನ್ನ ಕೈಗೆ ಸಿಕ್ಕಿಲ್ಲ. ಹೊಳಪು ಕೊಡಲು ಯಾರೋ ಅಡಿಭಾಗವನ್ನೆಲ್ಲ ಎಮರಿಯಲ್ಲಿ ತಿಕ್ಕಿ ಮುದ್ರೆ ಅಳಿಸಿದ್ದಾರೆ. ಹ್ಯಾಮರ್ ಹೊರಗಿಲ್ಲ, ಅದನ್ನು ಒಳಗೇ ಅಡಗಿಸಿದ ಆನ್ಸನ್ ಡೀಲಿ ಬಾಕ್ಸ್‌ಲಾಕ್, ಅಂದರೆ 1875ರ ನಂತರದ್ದು. ಅದಕ್ಕಿಂತ ಹತ್ತಿರ ಹೋಗಲು ಮರದ ಹಿಂಬದಿ ತಗಡು ಬಿಚ್ಚಬೇಕು, ಅದಕ್ಕೆ ಭಾವ ಇನ್ನೂ ಒಪ್ಪಿಲ್ಲ.