ಕುಡಿತ ಬಿಡುವವರ ಸಭೆಗೆ ಹೋಗುವುದು ಹೇಗೆ?

ಕುಡಿತ ಬಿಡಬೇಕು ಅಂತ ನಿಜವಾಗಿ ಆಸೆಪಡುವವರು ಕೊಡಗಿನಲ್ಲಿ ಕಡಿಮೆಯೇನಿಲ್ಲ. ಆದರೆ ಸಭೆಯ ಬಾಗಿಲವರೆಗೂ ಹೋಗಿ, ಒಳಗೆ ಗುರುತಿನ ಮುಖ ಕಂಡಿತು ಅಂತ ವಾಪಸ್ ಬಂದವರನ್ನು ತುಂಬಾ ನೋಡಿದ್ದೇನೆ. ಹಾಗಾಗಿ ಇಲ್ಲಿ ಬಾಗಿಲಿನ ವಿಷಯವೇ ಜಾಸ್ತಿ ಇದೆ.

ಮೊದಲು ಡಾಕ್ಟರ್. ಬೆಳಗ್ಗೆ ಎದ್ದ ಕೂಡಲೇ ಕುಡಿಯುವವರು, ದಿನವಿಡೀ ಕುಡಿಯುವವರು ಒಮ್ಮೆಲೇ ನಿಲ್ಲಿಸಬಾರದು. ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಬರುವುದಿಲ್ಲ. ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಾಣಿಸಬಹುದು. ಜೀವಕ್ಕೇ ಅಪಾಯ. ಮಡಿಕೇರಿಯ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ತೋರಿಸಿ. ಹೋಗಲು ಆಗದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೋ, ವ್ಯಸನಮುಕ್ತಿ ಸಹಾಯವಾಣಿ 14446ಕ್ಕೋ ಫೋನ್ ಮಾಡಿ. ಎರಡೂ ಉಚಿತ.

ಇಲ್ಲೇ ಒಂದು ಮಾತು. 'ಗೊತ್ತಾಗದಂತೆ ಊಟದಲ್ಲಿ ಬೆರೆಸಿ' ಅಂತ ಮಾರುವ ಪುಡಿಗಳನ್ನು ದಯವಿಟ್ಟು ಮನೆಗೆ ತರಬೇಡಿ. ಅದರಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಕುಡಿತ ಬಿಡಿಸಲು ಡಾಕ್ಟರುಗಳು ಡೈಸಲ್ಫಿರಾಂ ಮಾತ್ರೆ ಕೊಡುವುದುಂಟು, ಆದರೆ ನುಂಗುವವನಿಗೆ ಹೇಳಿಯೇ ಕೊಡುತ್ತಾರೆ. ಅದರ ಮೇಲೆ ಕುಡಿದರೆ ವಾಂತಿ, ಎದೆಬಡಿತ ಶುರುವಾಗಿ ಬಿಪಿ ಕುಸಿಯಬಹುದು.

ಈಗ ಸಭೆ ಹುಡುಕುವುದು. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ. ಅದು 1935ರಲ್ಲಿ ಅಮೆರಿಕದಲ್ಲಿ ಶುರುವಾಗಿ 1957ರಲ್ಲಿ ಭಾರತಕ್ಕೆ ಬಂತು. ಸಭೆಗಳ ಪಟ್ಟಿ ಎಎ ಇಂಡಿಯಾದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಪಟ್ಟಿಯನ್ನೇ ನಂಬಿ ಬಸ್ ಹತ್ತಬೇಡಿ, ಫೋನ್ ಮಾಡಿ. ಎತ್ತುವವರೂ ಒಂದು ಕಾಲಕ್ಕೆ ಕುಡಿಯುತ್ತಿದ್ದವರೇ, ಸಂಕೋಚ ಬೇಡ. ಈ ವಾರ ಸಭೆ ಇದೆಯಾ, ಎಷ್ಟು ಗಂಟೆಗೆ, ಕನ್ನಡದಲ್ಲಿ ನಡೆಯುತ್ತಾ ಅಂತ ಕೇಳಿ. ಮನೆಯವರು ಜೊತೆಗೆ ಬರುವುದಾದರೆ 'ಓಪನ್' ಸಭೆಯಾ ಅಂತಲೂ ಕೇಳಿ. 'ಕ್ಲೋಸ್ಡ್' ಸಭೆ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಬರುವುದೆಲ್ಲ ಖಾಸಗಿ ಕೇಂದ್ರಗಳ ಜಾಹೀರಾತು. ಅಡ್ವಾನ್ಸ್ ಕೇಳಿದರೆ ಫೋನ್ ಇಟ್ಟುಬಿಡಿ. ಎಎಗೆ ಶುಲ್ಕವೇ ಇಲ್ಲ.

ಇನ್ನೊಂದು ದಾರಿ ಧರ್ಮಸ್ಥಳದ ಜನಜಾಗೃತಿ ವೇದಿಕೆಯದ್ದು. ಅವರ ಮದ್ಯವರ್ಜನ ಶಿಬಿರ ಎಂಟು ದಿನದ್ದು. ಮುಗಿಸಿದವರು ಆಮೇಲೆ ನವಜೀವನ ಸಮಿತಿ ಎಂಬ ಕುಡಿತ ಬಿಟ್ಟವರ ಗುಂಪಿನಲ್ಲಿ ಸೇರುತ್ತಾರೆ. ಊರಿನ ಧರ್ಮಸ್ಥಳ ಸಂಘದ ಸೇವಾಪ್ರತಿನಿಧಿಯನ್ನು ಕೇಳಿದರೆ ಸಾಕು. ನನ್ನನ್ನು ಕೇಳಿದರೆ, ಮನೆಯವರ ಬೆಂಬಲ ಇದ್ದವರು ಶಿಬಿರಕ್ಕೆ ಹೋಗಲಿ, ಒಂಟಿಯಾಗಿ ಒದ್ದಾಡುವವರು ಎಎಗೆ ಹೋಗಲಿ.

ಇನ್ನು ಬಾಗಿಲು. ನಮ್ಮಲ್ಲಿ ಹೊಸಬರನ್ನು ಕಂಡರೆ ಮೊದಲ ಪ್ರಶ್ನೆಯೇ 'ಯಾವ ಮನೆಯವರು?'. ಹೆಸರು ಹೇಳಿದರೆ ತೋಟ, ಅಜ್ಜ, ನೆಂಟಸ್ತನ ಎಲ್ಲಾ ಗೊತ್ತಾಗಿಬಿಡುತ್ತದೆ. ಎಎಯಲ್ಲಿ ಆ ಪ್ರಶ್ನೆ ಇಲ್ಲ. ಮನೆ ಹೆಸರು ಬಿಟ್ಟು ಬರೀ ನಿಮ್ಮ ಹೆಸರು ಹೇಳಿ. ಅಷ್ಟಾದರೂ ಭಯವಾದರೆ ಮೊದಲ ಸಭೆಗೆ ಬೇರೆ ಊರಿಗೆ ಹೋಗಿ. ಗೋಣಿಕೊಪ್ಪದವರು ಮೈಸೂರಿಗೆ, ಮಡಿಕೇರಿಯವರು ಮಂಗಳೂರಿಗೆ ಹೋದರೂ ತಪ್ಪಿಲ್ಲ. ಆದರೆ ಅದನ್ನೇ ಅಭ್ಯಾಸ ಮಾಡಿಕೊಳ್ಳಬೇಡಿ. ಮಳೆಗಾಲದಲ್ಲಿ ಘಾಟಿ ರಸ್ತೆ ಕುಸಿದರೆ ಸಭೆಯೂ ತಪ್ಪುತ್ತದೆ, ಕುಡಿಯಲು ಒಂದು ನೆಪವೂ ಸಿಗುತ್ತದೆ.

ಹದಿನೈದು ನಿಮಿಷ ಮುಂಚೆ ತಲುಪಿ. ಆಗ ಒಳಗೆ ಒಬ್ಬಿಬ್ಬರು ಕುರ್ಚಿ ಹಾಕುತ್ತಿರುತ್ತಾರೆ. ನೀವೂ ಎರಡು ಕುರ್ಚಿ ಎಳೆದು ಹಾಕಿ. ಕೈಗೆ ಕೆಲಸ ಸಿಕ್ಕರೆ ನಾಚಿಕೆ ಅರ್ಧ ಇಳಿಯುತ್ತದೆ. ತಡವಾಗಿ ಹೋದರೆ ಎಲ್ಲರೂ ತಿರುಗಿ ನೋಡುತ್ತಾರೆ, ಅಲ್ಲಿಂದಲೇ ಕಾಲು ಹಿಂದಕ್ಕೆ ಬರುತ್ತದೆ. ಬಾಗಿಲ ಪಕ್ಕದ ಕುರ್ಚಿಯಂತೂ ಬೇಡವೇ ಬೇಡ. ಎದ್ದು ಹೋಗುವುದು ಸುಲಭವಾಗುತ್ತದೆ.

ಒಳಗೆ ನಿಮ್ಮ ತೋಟದ ಲೆಕ್ಕ ಬರೆಯುವ ರೈಟರ್ರೋ, ಮಕ್ಕಳ ಮೇಷ್ಟ್ರೋ ಕೂತಿದ್ದರೆ? ಓಡಬೇಡಿ. ನೀವು ಬಂದ ಕಾರಣಕ್ಕೇ ಅವರೂ ಬಂದವರು. ನೀವು ಅವರನ್ನು ಕಂಡಷ್ಟೇ ಅವರೂ ನಿಮ್ಮನ್ನು ಕಂಡಿದ್ದಾರೆ. ತಲೆ ಆಡಿಸಿ ಕೂತುಕೊಳ್ಳಿ. ಅಲ್ಲಿ ಯಾರನ್ನು ಕಂಡೆ, ಏನು ಕೇಳಿದೆ ಅಂತ ಹೊರಗೆ ಹೇಳಬಾರದು. ಹೆಂಡತಿಗೂ ಹೇಳಬಾರದು.

ಚರ್ಚಿನ ಕೋಣೆಯಲ್ಲಿ ಸಭೆ ಇದ್ದರೆ ಮತಾಂತರದ ಅನುಮಾನ ಬೇಡ. ಎಎ ಯಾವ ಧರ್ಮಕ್ಕೂ ಸೇರಿದ್ದಲ್ಲ, ಜಾಗ ಸಿಕ್ಕಲ್ಲಿ ಸೇರುತ್ತಾರೆ ಅಷ್ಟೇ. ಸದಸ್ಯರಾಗಲು ಕುಡಿತ ಬಿಡುವ ಆಸೆ ಸಾಕು.

ಸಭೆ ಸುಲಭ. ಒಂದು, ಒಂದೂವರೆ ಗಂಟೆ. ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳುತ್ತಾರೆ, ನಡುವೆ ಯಾರೂ ಬಾಯಿ ಹಾಕುವುದಿಲ್ಲ. ಮಾತಾಡಲು ಇಷ್ಟವಿಲ್ಲದಿದ್ದರೆ 'ಇವತ್ತು ಕೇಳಲು ಬಂದಿದ್ದೇನೆ' ಅನ್ನಿ, ಒತ್ತಾಯ ಮಾಡುವುದಿಲ್ಲ. ಖರ್ಚಿಗೆ ಅಂತ ಚೀಲ ಬಂದರೆ ಹೊಸಬರು ಹಾಗೇ ಮುಂದಕ್ಕೆ ದಾಟಿಸಬಹುದು.

ಮುಗಿದ ತಕ್ಷಣ ಬಸ್ಸಿಗೆ ಓಡಬೇಡಿ. ಟೀ ಕುಡಿಯುತ್ತಾ ಒಬ್ಬರ ಫೋನ್ ನಂಬರ್ ಕೇಳಿ ಪಡೆಯಿರಿ. ಮದುವೆ ಮನೆಯಲ್ಲಿ ಗ್ಲಾಸು ಕೈಗಿಟ್ಟು 'ಒಂದೇ ಒಂದು, ನಮಗೋಸ್ಕರ' ಅನ್ನುವಾಗ ಬೇಕಾಗುವುದು ಅದೇ. ಹುತ್ತರಿ, ಕೈಲ್‌ಪೊಳ್ದ್ ಹಬ್ಬ ಬರುವ ವಾರ ಸಭೆ ತಪ್ಪಿಸಲೇಬೇಡಿ. ಆನ್‌ಲೈನ್ ಸಭೆಗಳೂ ಇವೆ, ಆದರೆ ಜುಲೈನಲ್ಲಿ ಕರೆಂಟ್ ಹೋಗಿ ಟವರ್ರೂ ಮಲಗುವ ಊರಿನಲ್ಲಿ ಅದನ್ನೇ ನೆಚ್ಚಿಕೊಳ್ಳುವುದು ಕಷ್ಟ. ಮೊದಲ ಸಭೆ ಹಿಡಿಸದಿದ್ದರೆ ಇನ್ನೂ ನಾಲ್ಕೈದು ನೋಡಿ ಆಮೇಲೆ ತೀರ್ಮಾನ ಮಾಡಿ. ಮನೆಯವರಿಗೆ ಅಂತಲೇ ಅಲ್-ಅನಾನ್ ಎಂಬ ಬೇರೆ ಕೂಟ ಇದೆ. ಗಂಡ ಬರಲು ಒಪ್ಪದಿದ್ದರೂ ಹೆಂಡತಿ ಅಲ್ಲಿಗೆ ಹೋಗಬಹುದು.